ಜಾಮ್ ಆದ ಸ್ಪಾರ್ಕ್ ಪ್ಲಗ್ ಮನೆಯಲ್ಲೇ ಬಿಚ್ಚುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಧೋಳದ ಹತ್ತಿರ ನಮ್ಮೂರು. ಮನೆಯಲ್ಲಿ ಒಂದು ಸಣ್ಣ ಟ್ರಕ್ ಇದೆ. ಪೆಟ್ರೋಲ್, ಸಿಎನ್‌ಜಿ ಎರಡರಲ್ಲೂ ಓಡುತ್ತದೆ. ಕಬ್ಬಿನ ಸೀಸನ್‌ನಲ್ಲಿ ಗಾಣದಿಂದ ಮಹಾಲಿಂಗಪುರದ ಪೇಟೆಗೆ ಬೆಲ್ಲ ಒಯ್ಯುತ್ತೇನೆ. ಬೇಸಿಗೆಯಲ್ಲಿ ತಿಕೋಟಾ ಕಡೆಯ ಒಣದ್ರಾಕ್ಷಿ. ಗಾಡಿ ಒಂದು ದಿನ ನಿಂತರೆ ಆ ದಿನದ ಬಾಡಿಗೆ ಹೋಯಿತು. ಅದಕ್ಕೇ ಸಣ್ಣಪುಟ್ಟ ಕೆಲಸ ನಾನೇ ಕಲಿತುಕೊಂಡೆ. ಸುತ್ತಲಿನ ಗಾಡಿಯವರು ನನ್ನನ್ನು ಜಾಸ್ತಿ ಕೇಳುವುದು ಸ್ಪಾರ್ಕ್ ಪ್ಲಗ್, ಅಂದರೆ ಇಂಜಿನ್ ಒಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಪ್ಲಗ್ಗಿನ ವಿಷಯವನ್ನೇ. ಅವರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನಮ್ಮದು ಡೀಸೆಲ್ ಲಾರಿ. ಅದರ ಪ್ಲಗ್ ಎಲ್ಲಿರುತ್ತದೆ?

ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇರುವುದೇ ಇಲ್ಲ. ಅಲ್ಲಿ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಕೆಲವು ಸಣ್ಣ ಡೀಸೆಲ್ ಗಾಡಿಗಳಲ್ಲಿ ಗ್ಲೋ ಪ್ಲಗ್ ಇರುತ್ತದೆ. ಅದು ಚಳಿಯಲ್ಲಿ ಸ್ಟಾರ್ಟ್ ಆಗಲು ಒಳಗೆ ಬಿಸಿ ಮಾಡುವ ಕಡ್ಡಿ. ಸ್ಪಾರ್ಕ್ ಪ್ಲಗ್‌ಗಿಂತ ತೆಳ್ಳಗಿರುತ್ತದೆ, ಬೇಗ ಮುರಿಯುತ್ತದೆ. ಗ್ಲೋ ಪ್ಲಗ್ ಜಾಮ್ ಆಗಿದ್ದರೆ ಮನೆಯಲ್ಲಿ ಕೈ ಹಾಕಬೇಡಿ.

ಈ ಪುಟ ಪೆಟ್ರೋಲ್ ಮತ್ತು ಸಿಎನ್‌ಜಿ ಗಾಡಿಯವರಿಗೆ. ಟಾಟಾ ಏಸ್ ಅಂದರೆ ಡೀಸೆಲ್ ಎಂದೇ ನಮ್ಮ ಕಡೆ ಅಂದುಕೊಳ್ಳುತ್ತಾರೆ. 2005ರಲ್ಲಿ ಬಂದ ಮೊದಲ ಏಸ್ ಡೀಸೆಲ್ ಗಾಡಿಯೇ, ಎರಡು ಸಿಲಿಂಡರ್‌ನದು. ಈಗ ಅದರಲ್ಲಿ ಪೆಟ್ರೋಲ್ ಇದೆ, ಸಿಎನ್‌ಜಿ ಇದೆ. ಮಾರುತಿಯ ಈಗಿನ ಸೂಪರ್ ಕ್ಯಾರಿಯದು ನಾಲ್ಕು ಸಿಲಿಂಡರ್‌ನ ಪೆಟ್ರೋಲ್ ಇಂಜಿನ್. ಈ ಎರಡೂ ಗಾಡಿಗಳಲ್ಲಿ ಇಂಜಿನ್ ಸೀಟಿನ ಕೆಳಗಿದೆ. ಸೀಟು ಎತ್ತಿ ಕೆಲಸ ಮಾಡಬೇಕು.

ಪ್ಲಗ್ ಯಾಕೆ ಜಾಮ್ ಆಗುತ್ತದೆ?

ಪ್ಲಗ್ಗಿನ ಮೈ ಉಕ್ಕಿನದು. ಪ್ಲಗ್ ಕೂರುವ ಇಂಜಿನ್ ಹೆಡ್, ಅಂದರೆ ಇಂಜಿನ್ ಮೇಲಿನ ಮುಚ್ಚಳದಂಥ ಭಾಗ, ಅಲ್ಯೂಮಿನಿಯಂ. ಈ ಎರಡು ಲೋಹ ಒಂದಕ್ಕೊಂದು ಅಂಟಿಕೊಂಡಿರುವ ಜಾಗಕ್ಕೆ ನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಂತೆ ಸವೆಯತೊಡಗುತ್ತದೆ. ಆ ಪುಡಿ ಥ್ರೆಡ್ (ತಿರುಪಿನ ಗೆರೆ) ನಡುವೆ ತುಂಬಿಕೊಂಡು ಪ್ಲಗ್ಗನ್ನು ಹಿಡಿದುಬಿಡುತ್ತದೆ. ವಾಟರ್ ಸರ್ವಿಸ್ ಮಾಡಿಸುವಾಗ ಜೋರಾಗಿ ಹೊಡೆದ ನೀರು ಪ್ಲಗ್ ಕೂತಿರುವ ಗುಂಡಿಗೆ ಇಳಿದು ಅಲ್ಲೇ ನಿಲ್ಲುವುದು ನಮ್ಮ ಕಡೆ ದೊಡ್ಡ ಕಾರಣ. ಎರೆಮಣ್ಣು ಹೋಗಲಿ ಎಂದು ಎಲ್ಲೆಲ್ಲೂ ಪೈಪ್ ಹಿಡಿಯುತ್ತಾರೆ, ಅಲ್ವಾ? ಸೀಟು ಎತ್ತಿ ಇಂಜಿನ್ ಮೇಲೆ ನೀರು ಹೊಡೆಯಲು ಬಿಡಲೇಬೇಡಿ.

ಎರಡನೆಯದು ಮಸಿ. ಪ್ಲಗ್ಗಿನ ತುದಿ ಇಂಜಿನ್ ಒಳಗೆ ಸ್ವಲ್ಪ ಇಣುಕುತ್ತಿದ್ದರೆ ಆ ಥ್ರೆಡ್ ಮೇಲೆ ಮಸಿ ಕೂತು ಕಲ್ಲಾಗುತ್ತದೆ. ಬಿಚ್ಚುವಾಗ ಆ ಮಸಿ ಹೆಡ್ಡಿನ ಥ್ರೆಡ್ಡನ್ನು ಉಜ್ಜಿಕೊಂಡೇ ಹೊರಬರಬೇಕು. ಮೂರನೆಯದು, ಹಿಂದೆ ಯಾರೋ ಅತಿಯಾಗಿ ಬಿಗಿದಿರುವುದು. ನಾಲ್ಕನೆಯದು ಕಾಲ. ಪ್ಲಾಟಿನಂ, ಇರಿಡಿಯಂ ಪ್ಲಗ್‌ಗಳು ಬಹಳ ವರ್ಷ ಬಾಳುತ್ತವೆ, ಹಾಗಾಗಿ ಅವುಗಳನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟುವ ದಿನ ಬಂದಾಗ ಅವು ಅಲ್ಲೇ ಬೇರು ಬಿಟ್ಟಿರುತ್ತವೆ.

ಇಂಜಿನ್ ಬಿಸಿ ಇದ್ದಾಗ ಬಿಚ್ಚಬೇಕಾ, ತಣ್ಣಗಾದ ಮೇಲಾ?

ತಣ್ಣಗಾದ ಮೇಲೆ. ಬಿಸಿ ಅಲ್ಯೂಮಿನಿಯಂ ಮೆತ್ತಗಿರುತ್ತದೆ, ಥ್ರೆಡ್ ಕಿತ್ತು ಬರುವ ಅಪಾಯ ಜಾಸ್ತಿ. ಕೈಯೂ ಸುಡುತ್ತದೆ. ಬೇಸಿಗೆಯಲ್ಲಿ ನಾನು ರಾತ್ರಿ ಗಾಡಿ ನಿಲ್ಲಿಸಿ ಬೆಳಿಗ್ಗೆ ಆರಕ್ಕೆ ಕೂರುತ್ತೇನೆ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯ ಇಂಜಿನ್ ತಣ್ಣಗಾಗುವುದೇ ಇಲ್ಲ.

ಆದರೆ ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ ಎನ್ನುವುದೂ ನಿಜ. ತೂತು ಒಂದು ಕೂದಲಿನಷ್ಟು ಸಡಿಲವಾಗುತ್ತದೆ. ಹಾಗಾಗಿ ತಣ್ಣಗಿರುವಾಗ ಎಣ್ಣೆ ಹಾಕಿ, ಕಾದು, ಮತ್ತೆ ನೋಡಿ, ಯಾವುದಕ್ಕೂ ಅದು ಬಗ್ಗದಿದ್ದರೆ ಮಾತ್ರ ಉಗುರು ಬೆಚ್ಚಗೆ ಮಾಡಿ ಪ್ರಯತ್ನಿಸುತ್ತೇನೆ. ಅದಕ್ಕೂ ಮೊದಲು ಗುಂಡಿಯಲ್ಲಿ ಉಳಿದ ಎಣ್ಣೆಯನ್ನು ಬಟ್ಟೆಯಿಂದ ಪೂರ್ತಿ ಹೀರಿಸಬೇಕು. ಆಮೇಲೆ ಇಂಜಿನ್ ಎರಡು ಮೂರು ನಿಮಿಷ ಓಡಿಸಿ ನಿಲ್ಲಿಸಬೇಕು. ಹೆಡ್ ಮೇಲೆ ಕೈ ಇಟ್ಟರೆ ಆರಾಮಾಗಿ ಇಟ್ಟುಕೊಳ್ಳುವಷ್ಟು ಬಿಸಿ ಸಾಕು. ಬೆಂಕಿ, ಗ್ಯಾಸ್ ಟಾರ್ಚ್ ಮಾತ್ರ ಹತ್ತಿರವೂ ತರಬೇಡಿ. ಪಕ್ಕದಲ್ಲೇ ಪೆಟ್ರೋಲ್ ಇದೆ, ಹಿಂದೆ ಸಿಎನ್‌ಜಿ ಸಿಲಿಂಡರ್ ಇದೆ.

ಯಾವ ಪಾನಾ (ಸ್ಪ್ಯಾನರ್) ಬೇಕು?

ಇಲ್ಲಿ ಒಂದು ಗೊಂದಲ ಆಗುತ್ತದೆ. "14ರ ಪ್ಲಗ್" ಎಂದು ಅಂಗಡಿಯವರು ಹೇಳಿದರೆ ಅದು ಥ್ರೆಡ್ಡಿನ ಅಳತೆ ಇರಬಹುದು. ಪಾನಾ ಕೂರುವ ಆರು ಮೂಲೆಯ ಅಳತೆ ಬೇರೆ. ಥ್ರೆಡ್ 14, 12 ಅಥವಾ 10 ಮಿ.ಮೀ. ಇರುತ್ತದೆ. ಪಾನಾ ಸಾಮಾನ್ಯವಾಗಿ 21, 16 ಅಥವಾ 14 ಮಿ.ಮೀ. ಹೊಸ ಪ್ಲಗ್ ಮೊದಲೇ ತಂದು ಪಾನಾವನ್ನು ಅದಕ್ಕೇ ಹಾಕಿ ನೋಡಿ. ಅದು ಸುಲಭ.

ಒಳಗೆ ರಬ್ಬರ್ ಅಥವಾ ಮ್ಯಾಗ್ನೆಟ್ ಇರುವ ಪ್ಲಗ್ ಸಾಕೆಟ್ ತೆಗೆದುಕೊಳ್ಳಿ. ಸಾಕೆಟ್‌ಗೆ ಒಂದು ನೇರ ಎಕ್ಸ್‌ಟೆನ್ಶನ್ ರಾಡ್, ಒಂದು ಹ್ಯಾಂಡಲ್. ಸೀಟಿನ ಕೆಳಗೆ ಜಾಗ ಇಕ್ಕಟ್ಟು ಎಂದು ಕೆಲವರು ನಡುವೆ ಬಾಗುವ ಜಾಯಿಂಟ್ ಹಾಕುತ್ತಾರೆ. ಜಾಮ್ ಆದ ಪ್ಲಗ್‌ಗೆ ಅದು ಬೇಡ. ಪಾನಾ ಸ್ವಲ್ಪ ವಾರೆಯಾದರೂ ಪ್ಲಗ್ಗಿನ ಬಿಳಿ ಪಿಂಗಾಣಿ ಬಿರುಕು ಬಿಡುತ್ತದೆ.

ಪಾನಾ ಹಾಕುವ ಮೊದಲು ಏನು ಮಾಡಬೇಕು?

ಸಿಎನ್‌ಜಿ ಇದ್ದರೆ ಸಿಲಿಂಡರ್ ವಾಲ್ವ್ ಬಂದ್ ಮಾಡಿ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಅಥವಾ ಪ್ಲಗ್ ವೈರ್ ತೆಗೆಯುವಾಗ ವೈರ್ ಹಿಡಿದು ಜಗ್ಗಬೇಡಿ. ರಬ್ಬರ್ ಟೋಪಿಯನ್ನೇ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ಎತ್ತಿ. ಯಾವುದು ಯಾವ ಸಿಲಿಂಡರ್‌ನದು ಎಂದು ಟೇಪ್ ಅಂಟಿಸಿ ಗುರುತು ಮಾಡಿ.

ಆಮೇಲೆ ಗುಂಡಿ ಸ್ವಚ್ಛ ಮಾಡುವ ಕೆಲಸ. ಇದನ್ನು ದಯವಿಟ್ಟು ಬಿಡಬೇಡಿ. ಗಾಣದ ಬೂದಿ, ಲೋಕಾಪುರದ ಕಡೆ ಓಡಾಡಿದರೆ ಸುಣ್ಣದಕಲ್ಲಿನ ಪುಡಿ, ಎಲ್ಲ ಕಡೆಯ ಎರೆಮಣ್ಣಿನ ಧೂಳು ಪ್ಲಗ್ಗಿನ ಸುತ್ತ ಬೆರಳು ದಪ್ಪ ಕೂತಿರುತ್ತದೆ. ಪ್ಲಗ್ ಹೊರಬಂದ ಕ್ಷಣವೇ ಅದೆಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ. ಒಳಗೆ ಬಿದ್ದ ಮರಳಿನ ಕಾಳು ಪಿಸ್ಟನ್ ಜೊತೆ ಮೇಲೆ ಕೆಳಗೆ ಓಡಾಡಿ ಸಿಲಿಂಡರ್ ಗೋಡೆಗೆ ಗೀರು ಹಾಕುತ್ತದೆ. ಕಂಪ್ರೆಸರ್ ಬೇಕೇಬೇಕು ಎಂದಿಲ್ಲ. ಟೈರಿಗೆ ಗಾಳಿ ಹೊಡೆಯುವ ಕಾಲ್ಪಂಪಿನ ತುದಿಗೆ ಸಣ್ಣ ಪೈಪ್ ಸಿಕ್ಕಿಸಿ ಊದಿದರೂ ಆಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಪ್ಲಗ್ ಅಲುಗಾಡುತ್ತಿಲ್ಲ. ಎಷ್ಟು ಜೋರು ಹಾಕಲಿ?

ಎಲ್ಲರೂ ಕೇಳುವ ಪ್ರಶ್ನೆ ಇದು. ಎಷ್ಟು ಜೋರು ಎನ್ನುವುದಕ್ಕಿಂತ ಪ್ಲಗ್ ಏನು ಸದ್ದು ಮಾಡುತ್ತಿದೆ, ಕೈಗೆ ಹೇಗೆ ಅನಿಸುತ್ತಿದೆ ಎನ್ನುವುದೇ ಇಲ್ಲಿ ಮುಖ್ಯ.

ನಾನು ಕೆಲಸ ಕಲಿತದ್ದು ಜಮಖಂಡಿಯ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ. ನಾನು ಹ್ಯಾಂಡಲ್ ಹಿಡಿದು ಹಲ್ಲು ಕಚ್ಚಿದ್ದನ್ನು ನೋಡಿ ಅವರು ಕೈ ಹಿಡಿದರು. "ತಮ್ಮಾ, ಪ್ಲಗ್ ಜೋಡಿ ಕುಸ್ತಿ ಹಿಡೀಬ್ಯಾಡ. ಸ್ವಲ್ಪ ಬಿಚ್ಚು, ಸ್ವಲ್ಪ ಬಿಗಿ. ತಾನ ಬರತೈತಿ" ಎಂದರು. ಎರೆಹೊಲದ ಕೆಸರಲ್ಲಿ ಬಂಡಿ ಹೂತರೆ ಏನು ಮಾಡುತ್ತೇವೆ? ಎತ್ತಿಗೆ ಹೊಡೆದು ಒಂದೇ ಸಲ ಎಳೆಸಿದರೆ ನೊಗ ಮುರಿಯುತ್ತದೆ. ಹಿಂದಕ್ಕೆ ಮುಂದಕ್ಕೆ ತೂಗಿಸಿ ತೆಗೆಯುತ್ತೇವೆ. ಇದೂ ಹಾಗೇ.

ಪಾನಾ ನೇರ ಕೂತಿದೆಯಾ ನೋಡಿ. ಒಂದು ಕೈಯಿಂದ ಪಾನಾದ ತಲೆ ಒತ್ತಿ ಹಿಡಿಯಿರಿ, ಇನ್ನೊಂದು ಕೈಯಿಂದ ಹ್ಯಾಂಡಲ್ ಎಡಕ್ಕೆ ತಿರುಗಿಸಿ. "ಟಕ್" ಎಂದು ಒಂದೇ ಸದ್ದು ಬಂದು ಸಡಿಲವಾದರೆ ಒಳ್ಳೆಯದು. ಪ್ಲಗ್ಗಿನ ಬುಡದ ಬಿಲ್ಲೆ, ಅಂದರೆ ವಾಷರ್, ಹಿಡಿತ ಬಿಟ್ಟಿತು ಎಂದು ಅರ್ಥ. "ಕಿರ್... ಕಿರ್..." ಎಂದು ನರಳಿದರೆ ಅಲ್ಲೇ ನಿಲ್ಲಿಸಿ. ಥ್ರೆಡ್ ನಡುವೆ ಪುಡಿಯೋ ಮಸಿಯೋ ಸಿಕ್ಕಿ ಉಜ್ಜುತ್ತಿದೆ. ಬಂದಷ್ಟೂ ಬರಲಿ ಎಂದು ಮುಂದುವರಿಸಿದರೆ ಹೆಡ್ಡಿನ ಥ್ರೆಡ್ಡೇ ಕಿತ್ತು ಬರುತ್ತದೆ.

ನರಳಿದ ಪ್ಲಗ್ಗನ್ನು ಬಂದಷ್ಟೇ ವಾಪಸ್ ಬಿಗಿಯಿರಿ. ಎಣ್ಣೆ ಬಿಡಿ. ಕಾಯಿರಿ. ಮತ್ತೆ ಒಂದು ಸುತ್ತಿನ ಎಂಟನೇ ಒಂದು ಭಾಗ ಬಿಚ್ಚಿ, ವಾಪಸ್ ಬಿಗಿಯಿರಿ. ಮುಂದಿನ ಸಲ ಕಾಲು ಸುತ್ತು. ಹೀಗೆ ಹೋದ ಹಾಗೆ ಎಣ್ಣೆ ಒಳಗಿಳಿಯುತ್ತದೆ, ಪುಡಿ ಹೊರಬರುತ್ತದೆ. ಒಂದೇ ಪ್ಲಗ್‌ಗೆ ನಾನು ಎರಡು ತಾಸು ಕೊಟ್ಟದ್ದಿದೆ. ಪ್ಲಗ್ ನೂರು ಇನ್ನೂರು ರೂಪಾಯಿಗೆ ಸಿಗುತ್ತದೆ. ಹೆಡ್ ಹಾಳಾದರೆ ಇಂಜಿನ್ ಬಿಚ್ಚಬೇಕು.

ನಾಲ್ಕು ಪ್ಲಗ್‌ಗಳಲ್ಲಿ ಸುಲಭವಾಗಿ ಬರುವುದನ್ನು ಮೊದಲು ತೆಗೆಯಿರಿ. ಆ ಇಂಜಿನ್‌ನಲ್ಲಿ ಸರಿಯಾದ ಪ್ಲಗ್ ಹೇಗೆ ಬಿಡುತ್ತದೆ ಎಂದು ನಿಮ್ಮ ಕೈಗೆ ಗೊತ್ತಾಗುತ್ತದೆ.

ಯಾವ ಎಣ್ಣೆ ಹಾಕಬೇಕು? ಎಷ್ಟು ಹೊತ್ತು ಬಿಡಬೇಕು?

ಡಬ್ಲ್ಯೂಡಿ-40 ತರಹದ ತುಕ್ಕು ಬಿಡಿಸುವ ಸ್ಪ್ರೇ ಸಾಕು. ಮಸಿಯಿಂದ ಜಾಮ್ ಆಗಿದೆ ಅನಿಸಿದರೆ ಕಾರ್ಬ್ಯುರೇಟರ್ ಕ್ಲೀನರ್ ಒಳ್ಳೆಯದು. ಹಳ್ಳಿಯಲ್ಲಿ ಏನೂ ಸಿಗದಿದ್ದರೆ ಡೀಸೆಲ್ಲೋ ಚಿಮಣಿ ಎಣ್ಣೆಯೋ ನಾಲ್ಕು ಹನಿ ಬಿಟ್ಟರೂ ನಡೆಯುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಪೆಟ್ರೋಲ್ ಮಾತ್ರ ಬಿಡಬೇಡಿ.

ಎಣ್ಣೆ ಹಾಕುವ ಮೊದಲು ಎಂಟನೇ ಒಂದು ಸುತ್ತಾದರೂ ಸಡಿಲ ಮಾಡಿದರೆ ಬಹಳ ಒಳ್ಳೆಯದು. ಪ್ಲಗ್ಗಿನ ವಾಷರ್ ಪೂರ್ತಿ ಒತ್ತಿಕೊಂಡಿದ್ದರೆ ಎಣ್ಣೆ ಮೇಲೇ ನಿಲ್ಲುತ್ತದೆ, ಥ್ರೆಡ್‌ಗೆ ಹೋಗುವ ದಾರಿಯೇ ಇರುವುದಿಲ್ಲ. ಕಡಿಮೆ ಎಂದರೂ 15 ನಿಮಿಷ ಬಿಡಿ. ಹಟಮಾರಿ ಪ್ಲಗ್ ಆದರೆ ಇಡೀ ರಾತ್ರಿ.

ಎಣ್ಣೆ ಸಿಲಿಂಡರ್ ಒಳಗೂ ಇಳಿದಿರುತ್ತದೆ. ಗಾಳಿಯನ್ನು ಒತ್ತಬಹುದು, ಎಣ್ಣೆಯನ್ನು ಒತ್ತಲು ಆಗುವುದಿಲ್ಲ. ಅದು ಜಾಸ್ತಿ ನಿಂತಿರುವಾಗ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರೆ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗಾಗಿ ಎಲ್ಲ ಪ್ಲಗ್ ಹೊರಗಿರುವಾಗಲೇ, ಕಾಯಿಲ್ ಮತ್ತು ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಭಾಗ) ಕನೆಕ್ಟರ್ ತೆಗೆದು, ತೂತುಗಳ ಮೇಲೆ ಬಟ್ಟೆ ಹಾಕಿ, ಬ್ಯಾಟರಿ ಜೋಡಿಸಿ ಎರಡು ಮೂರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಎಣ್ಣೆ ಚಿಮ್ಮಿ ಹೊರಬರುತ್ತದೆ. ಆಗ ಮುಖ ಬಗ್ಗಿಸಿ ನೋಡುತ್ತಾ ನಿಲ್ಲಬೇಡಿ.

ಹ್ಯಾಂಡಲ್‌ಗೆ ಉದ್ದ ಪೈಪ್ ಹಾಕಬಹುದಾ? ಪಂಕ್ಚರ್ ಅಂಗಡಿಯವರು ನಟ್ ಬಿಚ್ಚುವ ಗನ್?

ಎರಡೂ ಬೇಡ. ಉದ್ದ ಪೈಪ್ ಹಾಕಿದರೆ ಕೈಗೆ ಸಿಗುವ ಸೂಚನೆ ನಿಂತುಹೋಗುತ್ತದೆ. ಗನ್ ಚಕ್ರದ ನಟ್ಟಿಗೆ ಮಾಡಿದ್ದು, ಪಿಂಗಾಣಿಗೆ ಅಲ್ಲ.

ಫೋರ್ಡ್ ಟ್ರಕ್‌ನಲ್ಲಿ ಪ್ಲಗ್ ಮುರಿಯುವ ವಿಡಿಯೋ ನೋಡಿದೆ. ನಮ್ಮ ಗಾಡಿಗೂ ಹಾಗೆ ಆಗುತ್ತದಾ?

ಅದು ಅಮೆರಿಕದ ಫೋರ್ಡ್ ಪಿಕಪ್‌ಗಳ 5.4 ಲೀಟರ್ ಟ್ರೈಟನ್ ಇಂಜಿನ್ ಕಥೆ. ಒಂದು ಸಿಲಿಂಡರ್‌ಗೆ ಮೂರು ವಾಲ್ವ್ ಇರುವ ಮಾದರಿ. 2004ರಿಂದ ಸುಮಾರು 2008ರವರೆಗಿನ ಆ ಇಂಜಿನ್‌ಗಳ ಪ್ಲಗ್ ಎರಡು ತುಂಡು ಜೋಡಿಸಿ ಮಾಡಿದ್ದು. ಥ್ರೆಡ್ಡಿನ ಕೆಳಗೆ ಉದ್ದನೆಯ ಕೊಳವೆ ಇತ್ತು. ಅದರ ಸುತ್ತ ಮಸಿ ಕೂತು ಗಟ್ಟಿಯಾಗುತ್ತಿತ್ತು. ಬಿಚ್ಚುವಾಗ ಮೇಲಿನ ತುಂಡು ಕೈಗೆ ಬರುತ್ತಿತ್ತು, ಕೊಳವೆ ಒಳಗೇ ಉಳಿಯುತ್ತಿತ್ತು. ಕೊನೆಗೆ ಫೋರ್ಡ್ ಕಂಪನಿಯೇ ತನ್ನ ಮೆಕ್ಯಾನಿಕ್‌ಗಳಿಗೆ ವಿಧಾನ ಬರೆದು ಕೊಟ್ಟಿತು. ಇಂಜಿನ್ ತಣ್ಣಗಿರಲಿ, ಎಂಟನೇ ಒಂದರಿಂದ ಕಾಲು ಸುತ್ತಿಗಿಂತ ಜಾಸ್ತಿ ಬಿಚ್ಚಬೇಡಿ, ಕಾರ್ಬ್ಯುರೇಟರ್ ಕ್ಲೀನರ್ ತುಂಬಿ ಕನಿಷ್ಠ 15 ನಿಮಿಷ ಬಿಡಿ, ಆಮೇಲೆ ಹಿಂದೆ ಮುಂದೆ ಆಡಿಸಿ ತೆಗೆಯಿರಿ ಎಂದು. ಜಮಖಂಡಿಯ ನಮ್ಮ ಮೆಕ್ಯಾನಿಕ್ ಕಾಕಾ ಹೇಳಿದ್ದೂ ಇದನ್ನೇ. ಇದನ್ನು ಓದಿದಾಗ ನನಗೆ ಬಹಳ ಖುಷಿಯಾಯಿತು.

ನಮ್ಮ ಸಣ್ಣ ಗಾಡಿಗಳಲ್ಲಿ ಅಂಥ ಎರಡು ತುಂಡಿನ ಪ್ಲಗ್ ನಾನು ನೋಡಿಲ್ಲ. ಹೆದರಬೇಡಿ. ವಿಧಾನ ಮಾತ್ರ ಹಾಗೇ ಬಳಸಿ.

ಪ್ಲಗ್ ತುಂಡಾಯಿತು. ಈಗ?

ಪಿಂಗಾಣಿ ಮಾತ್ರ ಒಡೆದು, ಕಬ್ಬಿಣದ ಆರು ಮೂಲೆ ಉಳಿದಿದ್ದರೆ ಭಯವಿಲ್ಲ. ಚೂರುಗಳನ್ನು ವ್ಯಾಕ್ಯೂಮ್‌ನಿಂದ ಹೀರಿ ತೆಗೆಯಿರಿ. ಊದಬೇಡಿ, ಒಳಗೆ ಹೋಗಿಬಿಡುತ್ತವೆ. ಆಮೇಲೆ ಪಾನಾ ಹಾಕಿ ಉಳಿದದ್ದನ್ನು ಬಿಚ್ಚಬಹುದು.

ಆರು ಮೂಲೆಯೇ ಕಿತ್ತು ಬಂದು ಥ್ರೆಡ್ ಭಾಗ ಒಳಗೆ ಉಳಿದರೆ ಮನೆಯ ಕೆಲಸ ಅಲ್ಲಿಗೆ ಮುಗಿಯಿತು. ಅದನ್ನು ತೆಗೆಯಲು ಉಲ್ಟಾ ಥ್ರೆಡ್ಡಿನ ಎಕ್ಸ್‌ಟ್ರ್ಯಾಕ್ಟರ್ ಇರುತ್ತದೆ. ಆದರೆ ಅದು ವಾರೆ ಹೋದರೆ, ಅಥವಾ ಅದೇ ಒಳಗೆ ಮುರಿದರೆ, ಹೆಡ್ ಇಳಿಸದೆ ದಾರಿಯಿಲ್ಲ. ತೂತು ಬಟ್ಟೆಯಿಂದ ಮುಚ್ಚಿ. ಗಾಡಿ ಸ್ಟಾರ್ಟ್ ಮಾಡಬೇಡಿ. ಅನುಭವ ಇರುವವರನ್ನು ಮನೆಗೇ ಕರೆಸಿ.

ಹೆಡ್ಡಿನ ಥ್ರೆಡ್ ಪ್ಲಗ್ ಜೊತೆಗೇ ಬಂತು. ಹೆಡ್ ಬದಲಾಯಿಸಬೇಕಾ?

ಹೆಚ್ಚಿನ ಸಲ ಬೇಡ. ಇದು ನನಗೇ ಆಗಿದೆ. ಒಂದು ಗ್ಯಾರೇಜ್‌ನಲ್ಲಿ ಪ್ಲಗ್ ಹಾಕಿಸಿದ್ದೆ. ಅವರು ಹ್ಯಾಂಡಲ್‌ಗೆ ಮೈಭಾರ ಹಾಕಿ ಬಿಗಿದದ್ದನ್ನು ನಿಂತು ನೋಡಿದ್ದೆ, ಆಗ ಏನೂ ಹೇಳಲಿಲ್ಲ. ಮುಂದಿನ ವರ್ಷ ನಾನು ಬಿಚ್ಚಿದಾಗ ಮೂರನೇ ಸಿಲಿಂಡರ್‌ನ ಪ್ಲಗ್ ಸುತ್ತ ಬೆಳ್ಳಿ ತಂತಿಯಂತೆ ಅಲ್ಯೂಮಿನಿಯಂ ಸುತ್ತಿಕೊಂಡು ಬಂತು. ಅದನ್ನು ನೋಡಿ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಮರುದಿನ ದ್ರಾಕ್ಷಿ ಲೋಡ್ ಇತ್ತು, ಬೇರೆಯವರ ಗಾಡಿಗೆ ಹೇಳಬೇಕಾಯಿತು.

ಇದಕ್ಕೆ ಹೆಲಿಕಾಯಿಲ್ ಎಂಬ ಪರಿಹಾರ ಇದೆ. ಹಾಳಾದ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಹೊಸ ಥ್ರೆಡ್ ಹೊಡೆದು, ಒಳಗೆ ಸ್ಟೀಲ್ ತಂತಿಯ ಸುರುಳಿ ಕೂರಿಸುತ್ತಾರೆ. ಪ್ಲಗ್ ಅದರೊಳಗೆ ಹಳೆಯ ಅಳತೆಗೇ ಕೂರುತ್ತದೆ. ಸುರುಳಿಯ ಬದಲು ಗಟ್ಟಿ ಬುಷ್ (ಲೋಹದ ಕೊಳವೆ) ಕೂರಿಸುವ ಪದ್ಧತಿಯೂ ಇದೆ. ಪ್ಲಗ್ ತೂತಿಗೆ ಬುಷ್ ಇನ್ನೂ ಗಟ್ಟಿ ಎಂದು ನನ್ನ ಅಭಿಪ್ರಾಯ. ನಾನು ಹೆಡ್ ಇಳಿಸಿ ಬೆಳಗಾವಿಯ ಉದ್ಯಮಬಾಗಕ್ಕೆ ಒಯ್ದೆ. ಅಲ್ಲಿ ಫೌಂಡ್ರಿ, ಮಷಿನ್ ಕೆಲಸ ಗೊತ್ತಿರುವ ಕೈಗಳಿಗೆ ಕಡಿಮೆ ಇಲ್ಲ. ಆ ಬುಷ್ ಇವತ್ತಿಗೂ ಗಟ್ಟಿಯಾಗಿದೆ.

ಎಂ-ಸೀಲ್ ಮೆತ್ತಿ, ಟೆಫ್ಲಾನ್ ಟೇಪ್ ಸುತ್ತಿ ಪ್ಲಗ್ ತುರುಕುವುದನ್ನು ಕಂಡಿದ್ದೇನೆ. ಖಂಡಿತ ಬೇಡ. ಪ್ಲಗ್ಗಿನ ಬಿಸಿ ಹೆಡ್ಡಿಗೆ ಹೋಗುವುದು ಥ್ರೆಡ್ ಮತ್ತು ವಾಷರ್ ಮೂಲಕ. ಕರೆಂಟಿನ ಅರ್ಥಿಂಗ್ ಕೂಡ ಅದೇ ದಾರಿ. ನಡುವೆ ಟೇಪ್ ಬಂದರೆ ಪ್ಲಗ್ ಕಾಯುತ್ತದೆ. ಜೋರು ಲೋಡಿನಲ್ಲಿ ಹಾರಿ ಹೊರಗೆ ಬಂದರೂ ಬಂತು.

ಹೊಸ ಪ್ಲಗ್ ಎಷ್ಟು ಟೈಟ್ ಮಾಡಬೇಕು?

ಪ್ಲಗ್ಗನ್ನು ಬರೀ ಬೆರಳಿನಿಂದ ಕೂರಿಸಿ. ಗುಂಡಿ ಆಳ ಇದ್ದರೆ ಪ್ಲಗ್ಗಿನ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ತಿರುಗಿಸಿ. ಮೊದಲು ಎಡಕ್ಕೆ ತಿರುಗಿಸುತ್ತಾ ಥ್ರೆಡ್ ಒಂದರೊಳಗೆ ಒಂದು ಕೂರುವ ಸಣ್ಣ "ಟಿಕ್" ಸಿಕ್ಕ ಮೇಲೆ ಬಲಕ್ಕೆ ತಿರುಗಿಸಿ. ವಾರೆ ಹೋದರೆ ರಬ್ಬರ್ ಪೈಪ್ ಜಾರುತ್ತದೆ, ಥ್ರೆಡ್ ಉಳಿಯುತ್ತದೆ.

ಬಿಗಿತ ಅಳೆಯುವ ಟಾರ್ಕ್ ರೆಂಚ್ ಇದ್ದರೆ ಗಾಡಿಯ ಪುಸ್ತಕದಲ್ಲಿರುವ ಅಂಕಿಯೇ ಕೊನೆಯ ಮಾತು. ಅಂದಾಜಿಗೆ ಹೇಳಬೇಕೆಂದರೆ, ಅಲ್ಯೂಮಿನಿಯಂ ಹೆಡ್ಡಿನಲ್ಲಿ ವಾಷರ್ ಇರುವ 14 ಮಿ.ಮೀ. ಪ್ಲಗ್‌ಗೆ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ.ಗೆ 15ರಿಂದ 20, ಮತ್ತು 10 ಮಿ.ಮೀ.ಗೆ 10ರಿಂದ 12. ರೆಂಚ್ ಇಲ್ಲದಿದ್ದರೆ ಗಡಿಯಾರ ನೆನಪಿಟ್ಟುಕೊಳ್ಳಿ. ಬೆರಳಿನಿಂದ ಪೂರ್ತಿ ಕೂತ ಮೇಲೆ ಹೊಸ ಪ್ಲಗ್‌ಗೆ ಹನ್ನೆರಡರಿಂದ ಆರಕ್ಕೆ, ಅಂದರೆ ಅರ್ಧ ಸುತ್ತು, ಜಾಸ್ತಿ ಎಂದರೆ ಎಂಟರವರೆಗೆ. ಹಳೆ ಪ್ಲಗ್ಗನ್ನೇ ಮತ್ತೆ ಹಾಕುತ್ತಿದ್ದರೆ ಅದರ ವಾಷರ್ ಮೊದಲೇ ಚಪ್ಪಟೆಯಾಗಿರುತ್ತದೆ, ಹನ್ನೆರಡರಿಂದ ಒಂದಕ್ಕೆ ಸಾಕು. ವಾಷರ್ ಇಲ್ಲದ, ಕೂರುವ ಅಂಚು ಇಳಿಜಾರಾಗಿರುವ ಪ್ಲಗ್‌ಗೆ ಅದಕ್ಕಿಂತಲೂ ಕಡಿಮೆ.

ಮುಂದಿನ ಸಲ ಜಾಮ್ ಆಗದಿರಲಿ ಎಂದು ಗ್ರೀಸ್ ಹಚ್ಚಬಹುದಾ?

ಮಾಮೂಲಿ ಗ್ರೀಸ್ ಬೇಡ, ಸುಟ್ಟು ಮಸಿಯಾಗುತ್ತದೆ. ಜಾಮ್ ಆಗದಂತೆ ಹಚ್ಚುವ ಆಂಟಿ ಸೀಜ್ ಪೇಸ್ಟ್ ಬೇರೆ ಸಿಗುತ್ತದೆ. ಪ್ಲಗ್ ತಯಾರಿಸುವ ಎನ್‌ಜಿಕೆ ಕಂಪನಿ ಅದೂ ಬೇಡ ಎನ್ನುತ್ತದೆ. ಅವರ ಪ್ಲಗ್ ಥ್ರೆಡ್ ಮೇಲೆ ಮೊದಲೇ ಲೇಪನ ಇದೆ. ಪೇಸ್ಟ್ ಹಚ್ಚಿದರೆ ಥ್ರೆಡ್ ನುಣುಪಾಗಿ, ಅದೇ ಟಾರ್ಕ್‌ನಲ್ಲಿ ಪ್ಲಗ್ ಜಾಸ್ತಿ ಬಿಗಿಯಾಗುತ್ತದೆ. ನಾನು ಒಣಗಿದ್ದಂತೆಯೇ ಹಾಕುತ್ತೇನೆ. ಅದರ ಬದಲು ವರ್ಷಕ್ಕೊಮ್ಮೆ ಬಿಚ್ಚಿ, ನೋಡಿ, ವಾಪಸ್ ಹಾಕುತ್ತೇನೆ. ಸೀಸನ್ ಶುರುವಾಗುವ ಮೊದಲು, ದಸರಾ ಹೊತ್ತಿಗೆ ಗಾಡಿ ತೊಳೆದು ಪೂಜೆ ಮಾಡುವಾಗ ಈ ಕೆಲಸವೂ ಮುಗಿಯುತ್ತದೆ.

ಸಿಎನ್‌ಜಿ ಗಾಡಿಗೆ ಬೇರೆ ಪ್ಲಗ್ ಬೇಕಾ?

ಕಂಪನಿ ಹೇಳಿದ ನಂಬರಿನದೇ ಹಾಕಿ, ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ ಕೂಡ ಅವರು ಹೇಳಿದಷ್ಟೇ ಇರಲಿ. ಸಿಎನ್‌ಜಿ ಹೊತ್ತಿಸಲು ಪೆಟ್ರೋಲ್‌ಗಿಂತ ಜಾಸ್ತಿ ವೋಲ್ಟೇಜ್ ಬೇಕು. ಗ್ಯಾಪ್ ಸವೆದು ಅಗಲವಾದರೆ ಪೆಟ್ರೋಲ್‌ನಲ್ಲಿ ಸರಿಯಾಗಿ ಓಡುವ ಗಾಡಿ ಸಿಎನ್‌ಜಿಗೆ ಬಂದ ಕೂಡಲೇ ಏರಿನಲ್ಲಿ ಜಗ್ಗತೊಡಗುತ್ತದೆ. ಹೀಗಾದರೆ ಮೊದಲು ಪ್ಲಗ್ ನೋಡಿ.

ಹಳೆ ಪ್ಲಗ್ ಬಿಸಾಡಲಾ?

ಮೊದಲು ಸಿಲಿಂಡರ್ ಸಾಲಿನಲ್ಲೇ ಜೋಡಿಸಿಟ್ಟು ನೋಡಿ. ತಿಳಿ ಕಂದು ಇದ್ದರೆ ಇಂಜಿನ್ ಚೆನ್ನಾಗಿದೆ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಥವಾ ಸ್ಪಾರ್ಕ್ ಸೋತಿದೆ. ಒಂದರಲ್ಲಿ ಮಾತ್ರ ಎಣ್ಣೆ ಜಿಡ್ಡು ಇದ್ದರೆ ಆ ಸಿಲಿಂಡರ್ ತೋರಿಸಬೇಕು.

ಆಮೇಲೆ ಥ್ರೆಡ್ ಚೆನ್ನಾಗಿರುವ ಒಂದನ್ನು ಎತ್ತಿಡಿ. ಹ್ಯಾಕ್ಸಾ ಬ್ಲೇಡಿನಿಂದ ಅದರ ಥ್ರೆಡ್ ಮೇಲೆ ಉದ್ದಕ್ಕೆ ಮೂರು ನಾಲ್ಕು ಕಡೆ ಗೀರು ಹಾಕಿ, ಅಂಚಿನ ಚೂಪು ಉಜ್ಜಿ ತೆಗೆಯಿರಿ. ಗೀರುಗಳಲ್ಲಿ ಗ್ರೀಸ್ ತುಂಬಿ ಹೆಡ್ಡಿನ ತೂತಿಗೆ ಬೆರಳಿನಿಂದಲೇ ನಿಧಾನ ತಿರುಗಿಸಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಥ್ರೆಡ್‌ನಲ್ಲಿ ಕೂತ ಮಸಿ, ಬಿಳಿ ಪುಡಿ ಎಲ್ಲ ಗ್ರೀಸಿಗೆ ಅಂಟಿಕೊಂಡು ಬರುತ್ತದೆ. ಬಿಚ್ಚಿ, ಒರೆಸಿ, ಹೊಸ ಗ್ರೀಸ್ ತುಂಬಿ ಇನ್ನೊಮ್ಮೆ. ಗ್ರೀಸ್ ಕಪ್ಪಾಗದೆ ಹೊರಬಂದರೆ, ತೂತಿನಲ್ಲಿ ಉಳಿದ ಗ್ರೀಸನ್ನು ಬಟ್ಟೆಯಿಂದ ಒರೆಸಿ ಹೊಸ ಪ್ಲಗ್ ಹಾಕಿ.